ಗಾಡಿಗೆ ರಜೆ

ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆಯುತ್ತಿದ್ದೆ. ಬಾಗಿಲ ಸಂದಿಯಲ್ಲಿ ಸಂಡೂರಿನ ಕೆಂಪು ಧೂಳು ಇನ್ನೂ ಇತ್ತು. ನಾದಿನಿಯ ಸೀಮಂತಕ್ಕೆ ಹೋದಾಗ ಮೆತ್ತಿಕೊಂಡದ್ದು. ಹಿಂದಿನ ಸೀಟಿನ ಕೆಳಗೆ ಅಕ್ಷತೆ ಸಿಕ್ಕಿತು, ಕಂಪ್ಲಿಯಲ್ಲಾದ ಮೈದುನನ ಮದುವೆಯದು. ಹಂಪಿಯ ಮಾತು ಬಿಡಿ. ಹೊಸಪೇಟೆಯಲ್ಲಿ ಮನೆಯಿದ್ದ ಮೇಲೆ ಬಂದ ನೆಂಟರಿಗೆಲ್ಲ ಊಟ ಹಾಕಿದಷ್ಟೇ ಕಡ್ಡಾಯವಾಗಿ ಹಂಪಿಯನ್ನೂ ತೋರಿಸಬೇಕು. ವರ್ಷವೆಲ್ಲ ಕಾರು ಓಡಿಸಿದವಳು ನಾನೇ. ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ಬಂದ ಗಂಡ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿರುತ್ತಿದ್ದರು.

ಅತ್ತೆ ಕಾರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಕಣ್ಣು ತುಂಬಿಕೊಂಡು ಕೈ ಮುಗಿದರು.

"ವರ್ಷಪೂರ್ತಿ ನಮ್ಮನ್ನೆಲ್ಲ ಹೊತ್ಕೊಂಡು ತಿರುಗೈತಿ, ಪಾಪ. ಸಂಜಿತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ."

ನಮ್ಮ ಮನೆಯ ಪದ್ಧತಿಯೇ ಹಾಗೆ. ಪೂಜೆಗಿಟ್ಟದ್ದಕ್ಕೆ ಅವತ್ತು ಕೆಲಸ ಹಚ್ಚುವಂತಿಲ್ಲ. ಈಳಿಗೆ ಕೂಡ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಣೆಯ ಮೇಲೆ ಕೂತಿರುತ್ತದೆ. ಅದು ಕೂತಿರಲಿ ಎಂದು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟವಳೂ ನಾನೇ.

ಕೈ ಮುಗಿದಾದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಯಾಕವಾ, ಹಂಗ ನಿಂತಿ? ಜಲ್ದಿ ಬಾ, ಹೋಳಿಗಿ ಲಟ್ಟಿಸಬೇಕು."

ಒಳಗೆ ಹೋಗಿ ಕಾರಿನ ಕೀಯನ್ನು ಈಳಿಗೆಯ ಪಕ್ಕ ಇಟ್ಟೆ. ಮಣೆಯ ಪಕ್ಕದಲ್ಲೇ ಗೋಡೆಗೆ ಒರಗಿ ನಾನೂ ಕೂತುಬಿಟ್ಟೆ.

"ಅತ್ತಿ, ನನಗೂ ಒಂದೀಟು ಕುಂಕುಮ ಹಚ್ಚಿಬಿಡ್ರಿ," ಎಂದೆ. "ಸಂಜಿತನಕ ಯಾರೂ ಮುಟ್ಟಬ್ಯಾಡ್ರಿ."