ಹಾವ್ರಾನೆಕರ ಚಿರತೆ ಹಲ್ಲಿಗಳು
ದೇವರು ಒಂಟಿ ಜೀವಗಳನ್ನು ಎಂತೆಂಥ ಜೊತೆಗಾರರಿಂದ ಸಂತೈಸುತ್ತಾನೆಂಬುದಕ್ಕೆ ಚೆಕ್ ದೇಶದ ಒಲೊಮೌಟ್ಸ್ ಊರಿನ ವಿಧುರ ಹಾವ್ರಾನೆಕರು ಸಾಕಿ ಮಾರುವ, ಮೈತುಂಬ ಮಚ್ಚೆಯ ಚಿರತೆ ಹಲ್ಲಿಗಳೇ ಸಾಕ್ಷಿ. ಈಸ್ಟರಿಗೆ ನೆರೆಯವರೆಲ್ಲ ಕೋಳಿಮೊಟ್ಟೆಗೆ ಬಣ್ಣ ಬಳಿಯುವಾಗ, ಅವರು ಹಲ್ಲಿಮೊಟ್ಟೆಯ ನೆತ್ತಿಗೆ ಪೆನ್ಸಿಲ್ಲಿನ ಚುಕ್ಕೆಯಿಟ್ಟು ಕಾವುಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಮೊಟ್ಟೆ ಹೊರಳಿ ಚುಕ್ಕೆ ಕೆಳಗಾದರೆ ಒಳಗಿನ ಜೀವ ಉಳಿಯದೆಂದು ಉಸಿರು ಬಿಗಿಹಿಡಿಯುತ್ತಾರೆ. ಮರಿಗಳು ಹುಳು ತಿಂದು ಮೈದುಂಬುವವರೆಗೆ ಮಾರುವವರಲ್ಲ. ಆದರೂ ಕೊಂಡವರಿಗೆಲ್ಲ, "ಅಲ್ಲಿ ಊಟ ಮಾಡ್ತೋ ಇಲ್ವೋ, ಒಂದು ಫೋನ್ ಮಾಡಿ ತಿಳಿಸ್ರಪ್ಪಾ," ಎನ್ನುತ್ತಾರೆ. "ಅಲ್ರೀ, ನಿಮ್ಮನೇಲೇ ತಿಂದು ಡೊಳ್ಳಾಗಿದ್ಯಲ್ಲ, ಇನ್ನೇನು ಕೇಳೋದು?" ಎಂದು ಪಕ್ಕದ ಮನೆಯ ಲಿಬುಶೆ ಛೇಡಿಸಿದರೆ, "ಒಂಟಿಯಾದ್ರೆ ಹಸಿವೇ ಆಗಲ್ಲ ಕಣಮ್ಮಾ," ಎನ್ನುತ್ತಾರೆ. ಸಂಜೆ ಸೂಪಿನ ಬಟ್ಟಲಿನ ಮುಂದೆ ಒಬ್ಬರೇ ಕೂತಾಗ, ಮೊಟ್ಟೆಯನ್ನೆಂದೂ ಹೊರಳಿಸದ ಆ ಕೈ ಫೋನನ್ನು ಮಾತ್ರ ಮತ್ತೆ ಮತ್ತೆ ಹೊರಳಿಸಿ ನೋಡುತ್ತದೆ. ಬಟ್ಟಲಿನ ಸೂಪು ಮುಟ್ಟದೆಯೇ ಆರುತ್ತದೆ.