ಶಾಲೆ ಬಿಟ್ಟ ಕಾರಣ

…ಆ ಕಾರಕೂನರ ಬೆರಳು ಹೋದದ್ದು ಎಡಗೈಯಲ್ಲಿ ಇರಲಿಕ್ಕಿಲ್ಲ. ಎಡಗೈಯಾಗಿದ್ದರೆ ಅವರು ಬರೆಯುವುದಕ್ಕೆ ಅಷ್ಟು ಹೆಣಗುತ್ತಿರಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೇ ಮುಗಿದಿದ್ದವು. ಪೆನ್ನನ್ನು ಹೆಬ್ಬೆರಳಿಗೂ ಉಂಗುರ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು, ಇಡೀ ತೋಳನ್ನೇ ಎಳೆಯುತ್ತ ಬರೆಯುತ್ತಿದ್ದರು. ಒಂದು ಸಾಲು ಮುಗಿಯುವಷ್ಟರಲ್ಲಿ ಎದುರಿಗೆ ಕೂತವರ ಚಹಾ ಆರಿರುತ್ತಿತ್ತು. ನನಗೆ ನೆನಪಿರುವುದು ಹೀಗೆ. ನನ್ನ ಮಗಳು ಒಪ್ಪುವುದಿಲ್ಲ. "ಒಂದೇ ಬೆರಳು ಮಮ್ಮಿ, ಎರಡಲ್ಲ" ಅನ್ನುತ್ತಾಳೆ. ಸಿಟ್ಟಿನಲ್ಲಿ ನೆನಪು ಎಲ್ಲವನ್ನೂ ಹೆಚ್ಚು ಮಾಡಿ ತೋರಿಸುತ್ತದೆ, ಅದು ನನಗೆ ಗೊತ್ತು. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅವರು ಶಹಾಬಾದಿನ ಒಂದು ಖಾಸಗಿ ಶಾಲೆಯ ಕಾರಕೂನರು. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೋದಾಗ ಮೊದಲು ಕಂಡೆ. ಅದಕ್ಕೂ ಮುಂಚೆ ನಮ್ಮೂರು ವಾಡಿಯಲ್ಲಿ ಎರಡು ಶಾಲೆ, ಚಿತ್ತಾಪುರದಲ್ಲಿ ಒಂದು, ಸೇಡಂನಲ್ಲಿ ಒಂದು ನೋಡಿಯಾಗಿತ್ತು. ಕಟ್ಟಡ ನೋಡಿದೆ, ವ್ಯಾನು ನೋಡಿದೆ, ಮಕ್ಕಳ ಟೈ ನೋಡಿದೆ. ಯಾವ ಶಾಲೆಯಲ್ಲೂ ಒಂದು ತರಗತಿಯೊಳಗೆ ಐದು ನಿಮಿಷ ಕೂತು ನೋಡಲಿಲ್ಲ. ನಾನು ಶಿಕ್ಷಕಿ. ದಂಡೋತಿಯ ಕಡೆ ಒಂದು ಸರಕಾರಿ ಶಾಲೆಯಲ್ಲಿ ಕಲಿಸುತ್ತೇನೆ. ಕೊನೆಗೆ ಶಹಾಬಾದಿನದನ್ನೇ ಆರಿಸಿದ್ದು ಗೇಟಿನ ಫಲಕ ನೋಡಿ: "ಇಲ್ಲಿ ಪ್ರತಿ ಮಗುವೂ ವಿಶೇಷ." ಆ ಫಲಕವನ್ನು ಈಗ ನೆನೆದರೂ ಮೈ ಉರಿಯುತ್ತದೆ.

ಅರ್ಜಿ ತುಂಬುತ್ತ ಕಾರಕೂನರು ಕೇಳಿದರು: "ತಾಯಿ ಏನ್ ಕೆಲ್ಸ ಮಾಡ್ತಾರ್ರಿ?"

"ಸರಕಾರಿ ಶಾಲಿ ಶಿಕ್ಷಕಿ."

ಪೆನ್ನು ನಿಂತಿತು. "ಹೌದಾ? ಮತ್ತ ಮಗಳ್ನ ಇಲ್ಲಿ ಹಚ್ಚಾಕ ಬಂದೀರಿ. ನೀವ್ ಮಾಡಿದ ಅಡಗಿ ನೀವ ಉಣ್ಣಂಗಿಲ್ಲೇನ್ರಿ ಅಕ್ಕೋರೆ?"

"ನೀವ್ ಸುಮ್ಮನ ಬರ್ಕೋರಿ."

"ಬರ್ಕೋತೀನ್ರಿ. ಅದ ನನ್ ನೌಕರಿ ಅಲ್ಲೇನ್ರಿ?" ಎಂದು ಮತ್ತೆ ತೋಳು ಎಳೆಯತೊಡಗಿದರು. ಅಂದು ಮನೆಗೆ ಬಂದು ನಮ್ಮವರ ಮುಂದೆ ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದದ್ದು ಮಾತ್ರ ಸರಿಯಾಗಿ ನೆನಪಿದೆ.

ಅವರ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಟಿಸಿ, ಹಾಜರಿ ಎಲ್ಲ ಅದರಲ್ಲೇ ಆಗುತ್ತಿತ್ತು. ಆದರೂ ದಪ್ಪ ರಟ್ಟಿನ ದಾಖಲಾತಿ ವಹಿಯನ್ನು ಅವರು ಕೈಯಿಂದಲೇ ಬರೆಯುತ್ತಿದ್ದರು, ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಶಾಲೆಯ ಹಿಂದೆಯೇ ನೆಲಕ್ಕೆ ಹಾಸುವ ಫರ್ಶಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಕಲ್ಲಿನ ಪುಡಿ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ವಹಿ ತೆರೆಯುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಹಳೆಯ ಟವೆಲಿನಿಂದ ಒರೆಸುತ್ತಿದ್ದರು. ತಪ್ಪಾದರೆ ಬಿಳಿ ಬಣ್ಣ ಹಚ್ಚಿ ಮುಚ್ಚುತ್ತಿರಲಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು. "ಗಲತ್ ಆಗಿದ್ದೂ ಕಾಣಬೇಕ್ರಿ. ಮುಚ್ಚಿದ್ರ ಅದು ವಹಿ ಹ್ಯಾಂಗಾಗ್ತದ?"

ಹಿಂದೆ ಅವರು ಶಾಲೆಯ ಮಾಲಕರದೇ ಆದ ಆ ಪಾಲಿಶ್ ಕಾರ್ಖಾನೆಯಲ್ಲಿದ್ದವರು. ಬೆರಳು ಹೋದದ್ದು ಅಲ್ಲಿ. "ಮಷಿನ್ ಬೆರಳು ತಗೊಂತು, ಮಾಲಕ್ರು ಕುರ್ಚಿ ಕೊಟ್ರು. ಹಿಸಾಬ್ ಬರಾಬರ್ ಆಯ್ತಂತ ಅವ್ರ ಲೆಕ್ಕ" ಎಂದು ನಗುತ್ತಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರೆಂದು ನನ್ನ ತಲೆಯಲ್ಲಿದೆ: ಅಲ್ಲಿ ಸೀಳು ಬಿಟ್ಟ ಫರ್ಶಿ ಆರಿಸಿ ಬದಿಗಿಡುತ್ತಿದ್ದೆ, ಇಲ್ಲಿ ಹುಡುಗರನ್ನು ಆರಿಸಿ ಇಡುತ್ತಿದ್ದೇನೆ, ಎಂದು. ಈ ಮಾತು ಚಂದವಿದೆ, ಅದಕ್ಕೇ ನನಗೆ ಅನುಮಾನ. ಅವರು ಹೇಳಿರಲಿಕ್ಕಿಲ್ಲ. ಆಮೇಲೆ ಯಾವಾಗಲೋ ಬಸ್ಸಿನಲ್ಲಿ ಕೂತು ನಾನೇ ಕಟ್ಟಿರಬೇಕು.

ಅನುಮಾನವಿಲ್ಲದ ಘಟನೆ ಒಂದಿದೆ. ಮಗಳು ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ವ್ಯಾನು ಕೆಟ್ಟು, ನಾನೇ ಕರೆತರಲು ಹೋದೆ. ಅವಳು ಆಫೀಸಿನಲ್ಲಿ ಕಾರಕೂನರ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಅವರನ್ನು ಕಾಕಾ ಅನ್ನುತ್ತಿದ್ದಳು.

"ಬರ್ರಿ ಅಕ್ಕೋರೆ, ಕುಂದ್ರಿ. ಒಂದ್ ಮಜಾ ತೋರಸ್ತೀನಿ. ತಂಗಿ, ಕನ್ನಡ ಪಾಠ ಓದವ್ವ."

ಅವಳು ಪುಸ್ತಕ ತೆರೆದು ಓದಿದಳು. ಬೆರಳು ಸಾಲುಗಳ ಕೆಳಗೆ ಓಡಿತು. ನರಿಯ ಕಥೆ, ನರಿಗೆ ಒಂದು ದನಿ, ಕಾಗೆಗೆ ಒಂದು ದನಿ. ಒಂದು ಶಬ್ದವೂ ತಪ್ಪಲಿಲ್ಲ. ನಾನು ಹಿಗ್ಗಿದೆ.

"ಈಗ ಪುಟ ನೋಡ್ರಿ" ಅಂದರು.

ಪುಟದ ಮೇಲೆ ಬಾವಿಯ ಚಿತ್ರವಿತ್ತು. ನರಿಯ ಪಾಠ ಹತ್ತು ಪುಟ ಹಿಂದಿತ್ತು.

ಮಗಳು ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. ಕೇಳಿ ಕೇಳಿಯೇ ಇಡೀ ಪುಸ್ತಕ ಬಾಯಿಪಾಠ ಮಾಡಿಕೊಂಡು ಮೂರು ವರ್ಷ ನಮ್ಮೆಲ್ಲರ ಮುಂದೆ ಓದಿದ್ದಳು. ದಿನವೂ ನಲವತ್ತು ಮಕ್ಕಳಿಗೆ ಓದು ಕಲಿಸುವ ನಾನು, ನನ್ನ ಮಡಿಲಲ್ಲಿ ಕೂತವಳಿಗೆ ಓದಲು ಬರುವುದಿಲ್ಲ ಎಂಬುದನ್ನು ಕಂಡಿರಲಿಲ್ಲ.

"ನಿಮಗ ಯಾವಾಗಿಂದ ಗೊತ್ತು?" ಎಂದು ಜೋರು ಮಾಡಿದೆ.

"ಒಂದ್ ತಿಂಗ್ಳಾತ್ರಿ. ಅಕಿ ಟೀಚರ್‌ಗಿ ಹೇಳ್ದೆ. ಕ್ಲರ್ಕ್ ಇದ್ದೀರಿ, ಕ್ಲರ್ಕ್ ಇದ್ದಂಗ ಇರ್ರಿ ಅಂದ್ರು." ಆಮೇಲೆ ಅವಳ ತಲೆ ಸವರಿ, "ಪೋರಿ ದಡ್ಡಿ ಅಲ್ರಿ. ದಡ್ಡಿ ಇದ್ರ ಇಷ್ಟ್ ಬರಾಬರ್ ಮೋಸ ಮಾಡಾಕ ಬರ್ತಿತ್ತೇನ್ರಿ?" ಅಂದರು. ಮಗಳು ನಕ್ಕಳು. ನಾನು ನಗಲಿಲ್ಲ.

ಕಲಬುರಗಿಯ ಡಾಕ್ಟರರು ಪರೀಕ್ಷೆ ಮಾಡಿ ಒಂದು ಕಾಗದ ಕೊಟ್ಟರು. ಡಿಸ್ಲೆಕ್ಸಿಯಾ, ಬುದ್ಧಿಗೆ ಏನೂ ಕೊರತೆಯಿಲ್ಲ, ಮುಂದಿನ ಬೆಂಚಿನಲ್ಲಿ ಕೂರಿಸಿ, ಹೆಚ್ಚು ಸಮಯ ಕೊಡಿ, ಬಾಯಿಯಲ್ಲಿ ಉತ್ತರ ಕೇಳಿ. ಆ ಕಾಗದವನ್ನು ನಾನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಪ್ರಿನ್ಸಿಪಾಲರಿಗೆ ಕೊಟ್ಟೆ. ಅದು ನನ್ನ ದಡ್ಡತನ. ಕಾಗದ ಕೊಡುವ ತನಕ ಅವಳು ಬರೀ ಸೋಮಾರಿ ಹುಡುಗಿ. ಕೊಟ್ಟ ಮರುದಿನದಿಂದ ಶಾಲೆಗೆ ಬಂದ ರೋಗ. ಮುಂದಿನ ಬೆಂಚಲ್ಲ, ಕೊನೆಯ ಬೆಂಚು ಸಿಕ್ಕಿತು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಹಾಡಿನಿಂದ ತೆಗೆದರು, ಹಾಡುವುದಕ್ಕೆ ಓದು ಬೇಕಿಲ್ಲವಾದರೂ. ಮೇಲಿನವರು ಶಾಲೆ ನೋಡಲು ಬರುವ ದಿನ ಮನೆಗೆ ಫೋನು: "ನಾಳೆ ಮಗಳಿಗಿ ರಜಾ ಹಾಕ್ಸಿ ಬಿಡ್ರಿ ಮೇಡಂ, ಅಕಿಗೂ ಆರಾಮ." ಯಾರಿಗೆ ಆರಾಮ?

ನಾಲ್ಕನೇ ತರಗತಿ ಮುಗಿಯುವಾಗ ಪ್ರಿನ್ಸಿಪಾಲರು ಕರೆಸಿದರು. ಭಾಳ ಮೃದು ದನಿ.

"ನಾವೇನ್ ತೆಗೆದು ಹಾಕಾಕತ್ತಿಲ್ಲ ಮೇಡಂ. ಅಂಥ ಕೆಲ್ಸ ನಾವ್ ಮಾಡಂಗಿಲ್ಲ. ನೀವಾಗೇ ಕರ್ಕೊಂಡ್ ಹೋದ್ರ ಮಗಳಿಗಿ ಛಲೋ. ನೀವೂ ಟೀಚರ್ ಇದ್ದೀರಿ, ನಿಮಗ ತಿಳೀತದ."

ನಾನು ಬೇರೆ ಶಾಲೆಯನ್ನು ಆಗಲೇ ವಿಚಾರಿಸಿಟ್ಟಿದ್ದೆ. ಕೆಲಸಕ್ಕೆ ಹೋಗುವಾಗ ನಾನು ದಿನವೂ ಬಸ್ಸು ಬದಲಿಸುವ ಚಿತ್ತಾಪುರದಲ್ಲಿ ಇನ್ನೊಂದು ಖಾಸಗಿ ಶಾಲೆ. ಸೀಟು ಇದೆ, ಆದರೆ ಸೋಮವಾರದೊಳಗೆ ಟಿಸಿ ಬೇಕು, ತಕರಾರಿನ ಮಾತು ಒಂದೂ ಇರಬಾರದು ಎಂದಿದ್ದರು. ಜಗಳ ಮಾಡಿದರೆ ಎರಡೂ ಕಡೆ ಬಾಗಿಲು ಮುಚ್ಚುತ್ತಿತ್ತು. ಹೆದರಿದ್ದೆ.

ಕಾರಕೂನರ ಮೇಜಿಗೆ ಬಂದೆ. ಮಗಳು ಅದೇ ಸ್ಟೂಲಿನ ಮೇಲಿದ್ದಳು. ಅವರು ಡ್ರಾದಿಂದ ಎರಡು ಹಾಳೆ ತೆಗೆದು ಪಕ್ಕಪಕ್ಕ ಇಟ್ಟರು. ಒಂದು ಝೆರಾಕ್ಸ್ ಮಾಡಿದ ಅರ್ಜಿ: "ಕೌಟುಂಬಿಕ ಕಾರಣಗಳಿಂದ ನನ್ನ ಮಗ/ಮಗಳನ್ನು ಈ ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದು…" ಇನ್ನೊಂದು ಖಾಲಿ ಹಾಳೆ. ಡ್ರಾದಲ್ಲಿ ಆ ಝೆರಾಕ್ಸಿನ ಕಟ್ಟೇ ಇತ್ತು. ಎಷ್ಟು ದಪ್ಪದ ಕಟ್ಟೆಂದು ನೋಡಿದೆ.

"ಇದು ನಾನೇ ಟೈಪ್ ಮಾಡ್ಸಿದ್ದು. ಸುಳ್ಳ ಯಾಕ ಹೇಳ್ಲಿ" ಅಂದರು. "ಸಾಹೇಬ್ರು ಹೇಳಿದ್ರು, ಮಾಡಿಸ್ದೆ. ಈ ಖಾಲಿ ಹಾಳಿ ಮಾತ್ರ ನನ್ದು. ಏನ್ ಆಗ್ಯದ, ಇದ್ರಾಗ ಅದ ಬರೀರಿ. ಶಾಲಿ ಶಿಕ್ಕಾ ಹೊಡೆದು ನಾ ತಗೋತೀನಿ."

"ಯಾರಾದ್ರೂ ಬರದಾರೇನು?"

"ಇನ್ನೂ ಯಾರೂ ಬರದಿಲ್ರಿ. ನೀವ್ ಬರೀತೀರಂತ ಅನ್ಕೊಂಡೀನಿ. ಮಾಸ್ತರಿಕಿ ಮಾಡೋರು."

ನಾನು ಝೆರಾಕ್ಸ್ ಹಾಳೆಗೆ ಸಹಿ ಮಾಡಿದೆ.

ಅವರು ಸಹಿಯ ಪಕ್ಕ ಶಿಕ್ಕಾ ಹೊಡೆದರು. ಬೈದಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಇಷ್ಟು ವರ್ಷ ಆರಾಮವಾಗಿರುತ್ತಿದ್ದೆ. ಖಾಲಿ ಹಾಳೆಯನ್ನು ಮತ್ತೆ ಡ್ರಾದೊಳಗೆ ಇಟ್ಟರು, ಮುಂದೆ ಬರುವವರಿಗೆ ಬೇಕಾದೀತು ಎನ್ನುವಂತೆ.

ಟಿಸಿಗೆ ಸಹಿ ಹಾಕಿಸಲು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅಲ್ಲಿಂದ ಗಾಜಿನ ಕಿಟಕಿಯಲ್ಲಿ ಆಫೀಸು ಕಾಣುತ್ತಿತ್ತು. ಕಾರಕೂನರು ವಹಿ ತೆರೆದು, ಮಗಳ ಕಡೆ ಬಾಗಿ ಏನೋ ಕೇಳಿದರು. ಅವಳು ಕಾಲು ಆಡಿಸುತ್ತ ಕೂತಿದ್ದವಳು ಆಡಿಸುವುದನ್ನು ನಿಲ್ಲಿಸಿದಳು. ಮಾತಾಡಿದಳು. ಅಷ್ಟು ಹೊತ್ತು ಅವಳು ಮನೆಯಲ್ಲಿ ಯಾರ ಜೊತೆಗೂ ಮಾತಾಡಿದ್ದನ್ನು ಆ ವರ್ಷ ನಾನು ಕಂಡಿರಲಿಲ್ಲ. ಅವರು ತೋಳು ಎಳೆಯುತ್ತ ಬರೆದರು. ನಾನು ಹೊರಗೆ ಬರುವಷ್ಟರಲ್ಲಿ ವಹಿ ಮುಚ್ಚಿ ಒರೆಸುತ್ತಿದ್ದರು.

"ಏನ್ ಕೇಳಿದ್ರಿ ಅಕಿಗಿ?"

"ಹೋಗೋ ಹುಡ್ರಿಗೆಲ್ಲ ಕೇಳ್ತೀನ್ರಿ. ವಹಿದಾಗ ಒಂದ್ ಕಾಲಮ್ ಅದ, ಶಾಲೆ ಬಿಟ್ಟ ಕಾರಣ ಅಂತ. ಬಿಡೋರು ಅವ್ರು. ಕಾರಣ ನಾವ್ ಹೇಳಿದ್ರ ಹ್ಯಾಂಗ?"

"ಏನ್ ಬರದ್ರಿ?"

"ನಿಮ್ದು ನೀವ್ ಬರದೀರಿ. ಅಕಿದು ನಾ ಬರದೀನಿ. ಹೋಗಿ ಬರ್ರಿ ಅಕ್ಕೋರೆ. ತಂಗಿ, ಹೋಗಿ ಬಾರವ್ವ."

ಕಂಪ್ಯೂಟರಿನಿಂದ ಬಂದ ಟಿಸಿಯಲ್ಲಿ "ಪಾಲಕರ ಕೋರಿಕೆ ಮೇರೆಗೆ" ಎಂದಿತ್ತು.

ಆ ಜೂನ್‌ನಲ್ಲಿ ನಮ್ಮ ಸರಕಾರಿ ಶಾಲೆಗೆ ಖಾಸಗಿ ಶಾಲೆಗಳಿಂದ ಬಂದ ಟಿಸಿಗಳನ್ನು ತೆಗೆದು ಓದಿದೆ. ಅಷ್ಟು ವರ್ಷ ಅವು ನನ್ನ ಕೈ ಹಾದು ಹೋಗಿದ್ದವು. ಆ ಒಂದು ಸಾಲನ್ನು ಓದಿರಲಿಲ್ಲ. ಎಲ್ಲದರಲ್ಲೂ ಅದೇ: ಪಾಲಕರ ಕೋರಿಕೆ, ಪಾಲಕರ ಕೋರಿಕೆ. ಕೋರಿದ ಪಾಲಕರೊಬ್ಬರೂ ಇರಲಿಕ್ಕಿಲ್ಲ. ಅದರ ಜೊತೆ ಇನ್ನೊಂದು ನೆನಪಾಯಿತು. ನನ್ನ ತರಗತಿಯಲ್ಲಿ ಓದಲು ಬಾರದ ಒಬ್ಬ ಹುಡುಗಿಯನ್ನು, ಮಕ್ಕಳಿಂದ ಓದಿಸುವ ಹೊತ್ತಿಗೆ ಸರಿಯಾಗಿ, ನೀರು ತರಲು ಕಳಿಸುತ್ತಿದ್ದೆ. ಅವಳೇ ಕೇಳಿಕೊಂಡು ಹೋಗುತ್ತಿದ್ದಳು ಎಂದು ನನ್ನ ನೆನಪು ಹೇಳುತ್ತದೆ. ನೆನಪಿಗೆ ಹಾಗೆ ಹೇಳುವುದು ಅನುಕೂಲ.

ಚಿತ್ತಾಪುರದ ಶಾಲೆಯೂ ಎರಡು ವರ್ಷ ತಡೆದುಕೊಂಡಿತು. ಮತ್ತೆ ಅದೇ ಮೃದು ದನಿ, ಅದೇ ಥರದ ಅರ್ಜಿ. ಈ ಸಲ ನಾನೇ ಬ್ಯಾಗಿನಿಂದ ಖಾಲಿ ಹಾಳೆ ತೆಗೆದೆ. ಆದದ್ದನ್ನು ಆದಂತೆ ಬರೆದೆ. ತಗೊಳ್ಳುವುದಿಲ್ಲ ಅಂದರು. ಶಿಕ್ಕಾ ಬೀಳುವ ತನಕ ಏಳುವುದಿಲ್ಲ ಎಂದು ಬೆಂಚಿನ ಮೇಲೆ ಕೂತೆ. ಮೂರು ತಾಸು. ಗೇಟು ಹಾಕುವ ಹೊತ್ತಿಗೆ ಶಿಕ್ಕಾ ಬಿತ್ತು. ಅದರಿಂದ ಆ ಶಾಲೆಗೆ ಏನೂ ಆಗಿಲ್ಲ. ಮಗಳು ಈಗ ನನ್ನ ಶಾಲೆಯಲ್ಲೇ ಏಳನೇ ತರಗತಿ. ನಿಧಾನವಾಗಿ ಓದುತ್ತಾಳೆ, ಬಾಯಿಯಲ್ಲಿ ಉತ್ತರ ಹೇಳುತ್ತಾಳೆ, ಕೆಲವು ದಿನ ಪುಸ್ತಕ ಎಸೆಯುತ್ತಾಳೆ. ನಾನು ಮಾಡಿದ ಅಡುಗೆ ಉಣ್ಣುತ್ತಿದ್ದಾಳೆ. ರುಚಿ ಹೇಗಿದೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಖಾಲಿ ಹಾಳೆಯಲ್ಲಿ ಬರೆದೆ ಎಂದು ಅವರಿಗೆ ಹೇಳಬೇಕಿತ್ತು. ಹೇಳಲು ಹೊರಟದ್ದು ತಡವಾಗಿ. ಶಹಾಬಾದಿಗೆ ಹೋದಾಗ ಆ ಕುರ್ಚಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೂತಿದ್ದಳು.

"ಅವ್ರು ತೀರ್ಕೊಂಡ್ರಲ್ರಿ. ಹೋಳಿ ಹುಣ್ಣಿಮಿ ಮುಂದ. ಎದಿ ನೋವಂತ" ಅಂದಳು.

ಎದೆಗಿಳಿದ ಕಲ್ಲಿನ ಪುಡಿಯೋ, ಹೃದಯವೋ, ಅವಳಿಗೆ ಗೊತ್ತಿರಲಿಲ್ಲ. ಅವರು ಬರೆದ ವಹಿ ತೋರಿಸವ್ವ, ಒಂದೇ ಸಾಲು ನೋಡುತ್ತೇನೆ ಎಂದೆ.

"ಅದು ತುಂಬಿತ್ರಿ. ಹಳೇವೆಲ್ಲ ಮ್ಯಾನೇಜ್‌ಮೆಂಟ್ ಒಯ್ದಾರ. ಪಾಲಕರಿಗಿ ತೋರ್ಸಂಗಿಲ್ಲ."

ಮೇಜಿನ ಮೇಲೆ ಝೆರಾಕ್ಸ್ ಅರ್ಜಿಗಳ ಹೊಸ ಕಟ್ಟು ಇತ್ತು. ಖಾಲಿ ಹಾಳೆ ಇದೆಯೇ ಎಂದು ಕೇಳಿದೆ. ಯಾತಕ್ಕೆ ಎಂಬಂತೆ ನೋಡಿದಳು. ಎದ್ದು ಬರುವಾಗ ಇದೊಂದನ್ನಾದರೂ ತಿಳಿದುಕೊಳ್ಳೋಣವೆಂದು, "ಅವ್ರಿಗಿ ಎಷ್ಟ್ ಬೆರಳು ಇರ್ಲಿಲ್ಲವ್ವ?" ಎಂದೆ.

"ನಾ ಲಕ್ಷ್ಯ ಕೊಟ್ಟು ನೋಡಿಲ್ರಿ" ಅಂದಳು.

ಮಗಳನ್ನು ಅನೇಕ ಸಲ ಕೇಳಿದ್ದೇನೆ, ಅಂದು ಕಾಕಾ ಏನು ಕೇಳಿದರು, ನೀನು ಏನು ಹೇಳಿದೆ ಎಂದು. "ನೆನಪಿಲ್ಲ ಮಮ್ಮಿ" ಅನ್ನುತ್ತಾಳೆ. ಇಡೀ ಪುಸ್ತಕ ನೆನಪಿಟ್ಟವಳು. ಅವರ ಬೆರಳು ಒಂದೇ ಎಂದು ಈಗಲೂ ಹಟ ಹಿಡಿಯುವವಳು.

ಅವಳು ಏನು ಹೇಳಿದಳು, ಅವರು ಏನು ಬರೆದರು, ಆ ಸಾಲಿನಲ್ಲಿ ನನ್ನ ಹೆಸರಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.