ಬದುವಿನ ಮೇಲಿನ ಪರೀಕ್ಷೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನವಲಗುಂದ ಕಡೆಯ ಡಿಗ್ರಿ ಕಾಲೇಜೊಂದಕ್ಕೆ ಅರ್ಥಶಾಸ್ತ್ರ ಕಲಿಸಲು ಹೋದ ಮೊದಲ ವರ್ಷ ಆ ಸಿಟ್ಟಿಗೆ ಒಬ್ಬ ಹುಡುಗಿ ಸಿಕ್ಕಿಬಿದ್ದಳು. ಹತ್ತು ದಿನ ಕ್ಲಾಸಿಗೆ ಬಂದಿರಲಿಲ್ಲ, ಕಿರುಪರೀಕ್ಷೆಯನ್ನೂ ತಪ್ಪಿಸಿಕೊಂಡಿದ್ದಳು. ಯಾಕೆಂದು ಕೇಳಿದರೆ, "ಹೆಸರಕಾಯಿ ಬಿಡಸಾಕ ಹೋಗಿದ್ದೆರಿ ಮೇಡಂ" ಎಂದಳು.

"ಹಂಗಾದ್ರ ಅದನ್ನ ಮಾಡ್ಕೊಂಡಿರು. ನಾಳಿಂದ ಬರಬ್ಯಾಡ" ಎಂದುಬಿಟ್ಟೆ, ಎಲ್ಲರೆದುರು.

ಅವಳು ಬರಲಿಲ್ಲ. ನಾಲ್ಕನೆಯ ದಿನ ಅವಳ ಗೆಳತಿ, "ಅಕಿ ಕಾಲೇಜ ಬಿಡ್ತಾಳಂತ್ರಿ" ಎಂದಳು. ಆ ಮನೆಯಲ್ಲಿ ಪಿಯುಸಿ ದಾಟಿದವಳು ಅವಳೊಬ್ಬಳೇ ಎಂಬುದೂ ಆಗಲೇ ತಿಳಿಯಿತು. ಅರ್ಥಶಾಸ್ತ್ರ ಕಲಿಸುವ ನನಗೆ ಈ ಸೀಮೆಯಲ್ಲಿ ಹೆಸರುಕಾಳಿನ ಕಾಯಿ ಯಾವಾಗ ಬಿಡಿಸುತ್ತಾರೆಂದು ಗೊತ್ತಿರಲಿಲ್ಲ. ಧಾರವಾಡದ ಪೇಟೆಯಲ್ಲಿ ಬೆಳೆದವಳು ನಾನು.

ಮರುಪರೀಕ್ಷೆಗೆ ಪ್ರಿನ್ಸಿಪಾಲರನ್ನು ಒಪ್ಪಿಸಿ, ಪ್ರಶ್ನೆಪತ್ರಿಕೆ ಹಿಡಿದು ಅವಳ ಊರಿನ ಬಸ್ಸು ಹತ್ತಿದೆ. ತಾಯಿ ಮಗಳು ಹೊಲದಲ್ಲಿದ್ದರು. ಮೋಡ ಕವಿದಿತ್ತು, ಒಣಗಿದ ಕಾಯಿ ಮಳೆಗೆ ಸಿಕ್ಕರೆ ಕೆಟ್ಟಂತೆಯೇ. ಕೊನೆಯ ನಾಲ್ಕು ಉದ್ದ ಸಾಲು ಉಳಿದಿದ್ದವು, ನಾಳೆಗೂ ಆಗುವಷ್ಟು ಕೆಲಸ. ಹುಡುಗಿ ನನ್ನ ಮುಖ ನೋಡಲಿಲ್ಲ.

"ಅವತ್ತ ನಂದ ತಪ್ಪಾತು" ಎಂದೆ. "ನೀ ಪರೀಕ್ಷೆ ಬರಿ. ನಿನ್ನ ಸಾಲು ನಾ ಬಿಡಸ್ತೇನಿ."

ತಾಯಿ ನಕ್ಕು ತಲೆಯಾಡಿಸಿದರು. ಹುಡುಗಿ ಬದುವಿನ ಮೇಲೆ ಬರೆಯಲು ಕೂತಳು. ನಾನು ಸೆರಗಿನ ಉಡಿ ಕಟ್ಟಿಕೊಂಡು ಸಾಲಿಗಿಳಿದೆ.

ಒಂದು ತಾಸಿಗೆ ಸೊಂಟ ಹಿಡಿಯಿತು. ತಾಯಿ ನನ್ನ ಉಡಿಯನ್ನು ತಾಡಪತ್ರಿಯ ಮೇಲೆ ಬರಿದು ಮಾಡಿಸಿದರು. ಅರ್ಧಕ್ಕರ್ಧ ಹಸಿರು ಕಾಯಿ. ಎರಡು ಗಿಡ ಬೇರುಸಹಿತ ಬಂದಿದ್ದವು. ನನ್ನ ಕ್ಲಾಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನು ಏನೆನ್ನುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬೈಸಿಕೊಳ್ಳಲು ತಯಾರಾಗಿ ನಿಂತೆ.

ಅವರು ಒಣಗಿದ ಕಾಯಿಯೊಂದನ್ನು ನನ್ನ ಅಂಗೈಯಲ್ಲಿಟ್ಟರು. "ಹಿಂಗ ಕರ್ರಗ ಆಗಿರಬೇಕ್ರಿ. ಮೊದಲ್ನೇ ದಿನ ಎಲ್ಲಾರಿಗೂ ಹಿಂಗ ಆಕ್ಕೈತ್ರಿ ಅಕ್ಕಾರ. ನಾಳಿನೂ ಬರ್ರಿ, ಕಲೀತೀರಿ."

ನಾಚಿಕೆಗೋ ಪ್ರೀತಿಗೋ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬದುವಿನಿಂದ ಹುಡುಗಿ ಎದ್ದು ಬಂದಳು.

"ನಾಳೆ ಅವರಿಗೆ ಕ್ಲಾಸ್ ಐತಿ ಯವ್ವಾ" ಎಂದು, ಬರೆದ ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. "ನನಗೂ ಐತಿ."